ಗಬ್ಬದ ಹಸುವಿಗೆ ಖನಿಜ ಮಿಶ್ರಣ ಏಕೆ ಬೇಕು?



ಹೊಟ್ಟೆ ತುಂಬ ಮೇಯುವ ಹಸುವಿಗೂ ಕೆಲವೊಮ್ಮೆ ಕರು ಹಾಕಿದ ಮೇಲೆ ಮಾಸು ಬೀಳುವುದಿಲ್ಲ, ಇಲ್ಲವೇ ಕೆಚ್ಚಲು ಬಾವು ಬರುತ್ತದೆ. ಆ ಸೂಲಿನ ಹಾಲು ಕಡಿಮೆಯಾಗುತ್ತದೆ, ಮತ್ತೆ ಗಬ್ಬ ನಿಲ್ಲುವುದೂ ತಡವಾಗುತ್ತದೆ. ಇದಕ್ಕೆ ಒಂದು ಕಾರಣ ಹಸುವಿನ ರಕ್ತದಲ್ಲೇ ಇರಬಹುದು.

ನಮ್ಮಂತೆ ಹಸುವಿನ ರಕ್ತದಲ್ಲೂ ಬಿಳಿ ರಕ್ತಕಣಗಳಿವೆ. ರೋಗಾಣು ಒಳಹೊಕ್ಕರೆ ಇವು ಅದನ್ನು ನುಂಗುತ್ತವೆ. ಆಮ್ಲಜನಕದಿಂದ ಉರಿಯುವಂಥ ರಾಸಾಯನಿಕಗಳನ್ನು ತಯಾರಿಸಿ ಅದನ್ನು ಕೊಲ್ಲುತ್ತವೆ. ಅನ್ನ ಬೇಯಿಸುವ ಒಲೆಯಿಂದಲೇ ಕಿಡಿ ಹಾರಿದರೆ ಸೆರಗು ಸುಡುತ್ತದಲ್ಲವೇ? ಹಾಗೆಯೇ ಈ ರಾಸಾಯನಿಕಗಳು ಮಿತಿಮೀರಿದರೆ ರಕ್ತಕಣಕ್ಕೇ ಪೆಟ್ಟು. ಇದಕ್ಕೆ ಉತ್ಕರ್ಷಣ ಒತ್ತಡ ಎಂದು ಹೆಸರು.

ಕಿಡಿ ಆರಿಸಲು ಜೀವಕೋಶದಲ್ಲಿ ಕಿಣ್ವಗಳಿವೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಎಂಬುದು ಮೊದಲು ಅದನ್ನು ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ಇದಕ್ಕೆ ತಾಮ್ರ, ಸತು, ಮ್ಯಾಂಗನೀಸ್ ಬೇಕು. ಮುಂದೆ ಅದನ್ನು ನೀರಾಗಿಸುವ ಕೆಲಸ ಕೆಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್‌ನದು. ಮೊದಲನೆಯದಕ್ಕೆ ಕಬ್ಬಿಣ, ಎರಡನೆಯದಕ್ಕೆ ಸೆಲೆನಿಯಂ ಬೇಕು ಎಂಬುದು ಗೊತ್ತಿರುವ ವಿಷಯ. ಸೆಲೆನಿಯಂನ ಈ ಪಾತ್ರ ತಿಳಿದದ್ದು 1973ರಲ್ಲಿ. ಇ ಜೀವಸತ್ವ ಕೋಶದ ಹೊರಪದರವನ್ನು ಕಾಯುತ್ತದೆ.

ಕರು ಹಾಕುವ ಮುಂಚಿನ 3 ವಾರ, ನಂತರದ 3 ವಾರ ಹಸುವಿಗೆ ಬಲು ಕಷ್ಟದ ಕಾಲ. ಮೇವು ತಿನ್ನುವುದು ಕಡಿಮೆ, ಮೈಯ ಕೊಬ್ಬು ಕರಗುತ್ತದೆ, ಇ ಜೀವಸತ್ವ ಗಿಣ್ಣುಹಾಲಿಗೆ ಹೋಗುತ್ತದೆ. ಆಗ ಬಿಳಿ ರಕ್ತಕಣಗಳು ಸೊರಗುತ್ತವೆ. ಮಾಸು ಕಳಚಲೂ, ಕೆಚ್ಚಲು ಕಾಯಲೂ ಬೇಕಾದವು ಇವೇ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಜಡಿಮಳೆ ಮಣ್ಣಿನ ಸತ್ವ ತೊಳೆಯುತ್ತದೆ. ಹುಳಿ ಮಣ್ಣಿನಿಂದ ಹುಲ್ಲಿಗೆ ಸೆಲೆನಿಯಂ ಸುಲಭವಾಗಿ ಸೇರುವುದಿಲ್ಲ. ಒಣಗಿದ ಬೈಹುಲ್ಲಿನಲ್ಲಿ ಇ ಜೀವಸತ್ವ ಬಹಳ ಕಡಿಮೆ.

ನೀವು ಮಾಡಬೇಕಾದದ್ದು:

* ಬೈಹುಲ್ಲಿನ ಜೊತೆ ದಿನವೂ ಹಸಿರು ಮೇವು ಹಾಕಿ.
* ಖನಿಜ ಮಿಶ್ರಣವನ್ನು ಹಾಲು ಬತ್ತಿದ ಹಸುವಿಗೂ ನಿಲ್ಲಿಸದೆ, ಚೀಲದ ಮೇಲೆ ಬರೆದ ಅಳತೆಯಲ್ಲಿ ಕೊಡಿ. ಅಕ್ಕಚ್ಚಿಗೆ ಹಾಕುವ ಅಡುಗೆ ಉಪ್ಪು ಇದಕ್ಕೆ ಬದಲಿಯಲ್ಲ.
* ಸೆಲೆನಿಯಂ ಹೆಚ್ಚಾದರೆ ವಿಷ. ಅದರ ಇಂಜೆಕ್ಷನ್ ಪಶುವೈದ್ಯರು ಹೇಳಿದರೆ ಮಾತ್ರ.
* 12 ಗಂಟೆಯಾದರೂ ಮಾಸು ಬೀಳದಿದ್ದರೆ ಎಳೆಯಬೇಡಿ, ಭಾರ ಕಟ್ಟಬೇಡಿ. ಪಶುವೈದ್ಯರನ್ನು ಕರೆಸಿ.

ಖನಿಜ ಮಿಶ್ರಣ ಔಷಧಿಯಲ್ಲ, ಬಾವು ಬಂದ ಮೇಲೆ ಅದರಿಂದ ವಾಸಿಯಾಗದು. ಗಬ್ಬದ ಕೊನೆಯ ತಿಂಗಳಲ್ಲಿರುವ ಹಸು ಕೊಟ್ಟಿಗೆಯಲ್ಲಿದ್ದರೆ ಇಂದಿನಿಂದಲೇ ಶುರುಮಾಡಿ.