ಸಂಗನಕಲ್ಲಿನ ಗುಡ್ಡಗಳ ಬಳಸುದಾರಿ

ಗುಡ್ಡಗಾಡಿನ ಸೈಕಲ್ ಸವಾರಿಗೆ ಮಲೆನಾಡೇ ಬೇಕೆಂದು ಭಾವಿಸುವವರು, ಬಳ್ಳಾರಿ ನಗರದ ಸಮೀಪದಲ್ಲಿಯೇ, ಸಂಗನಕಲ್ಲು, ಕಪ್ಪಗಲ್ಲುಗಳ ನಡುವೆ ತಲೆಯೆತ್ತಿ ನಿಂತಿರುವ ಗ್ರಾನೈಟ್ ಗುಡ್ಡಗಳನ್ನು ಒಮ್ಮೆ ಬಳಸಿ ಬರತಕ್ಕದ್ದು.

ಇಲ್ಲಿಯ ಹಿರೇಗುಡ್ಡವನ್ನು ಸೀಳಿಕೊಂಡು ಹೋಗಿರುವ ಡಾಲರೈಟ್ ಎಂಬ ಕಪ್ಪು ಶಿಲೆಯಿಂದಲೇ ನವಶಿಲಾಯುಗದ ಜನರು ಕೊಡಲಿಗಳನ್ನು ನಿರ್ಮಿಸುತ್ತಿದ್ದರು. ಅದೇ ಶಿಲೆಯ ಮೇಲೆ ಗೂಳಿಗಳ ಚಿತ್ರಗಳನ್ನು ಕುಟ್ಟಿ ಮೂಡಿಸಿದರು. ಕೆಲವು ಬಂಡೆಗಳಂತೂ, ತಟ್ಟಿದರೆ, ಗಂಟೆಯಂತೆ ನಾದಗೈಯುವುವು.

ಉರುಟುಗಲ್ಲುಗಳ ಮೇಲೆ ಚಕ್ರವು ಜಾರದಿರಬೇಕಾದರೆ, ಅಗಲವಾದ ಟೈರಿನ ಗಾಳಿಯನ್ನು ತುಸು ಇಳಿಸಿ, ಇಳಿಜಾರಿನಲ್ಲಿ ದೇಹಭಾರವನ್ನು ಹಿಂದಕ್ಕೆ ಸರಿಸಿ, ಎರಡೂ ಬ್ರೇಕುಗಳನ್ನು ಮೆಲ್ಲನೆ ಹಿಡಿಯಬೇಕು.

ಚಿತ್ರಶಿಲೆಗಳ ಬಳಿಗೆ ಮಾತ್ರ, ಸೈಕಲ್ಲನ್ನು ಕೆಳಗೇ ನಿಲ್ಲಿಸಿ, ಕಾಲ್ನಡಿಗೆಯಲ್ಲಿ ಹೋಗುವುದು ಯುಕ್ತ. ಬಿಸಿಲೇರುವ ಮುನ್ನ ಹಿಂದಿರುಗಿ, ನಗರದ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯದಲ್ಲಿ ಶಿಲಾಯುಗದ ಆಯುಧಗಳನ್ನೂ ನೋಡಿರಿ.