ಮೂಳೆ ತಾನಾಗಿ ಹೆಸರು ಹೇಳುವುದಿಲ್ಲ

1965ರ ಸೆಪ್ಟೆಂಬರ್ 7ರ ಬೆಳಗ್ಗೆ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಒಂದು ಮರಳಲಿಲ್ಲ. ಅದನ್ನು ಹಾರಿಸುತ್ತಿದ್ದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಸೆರೆಸಿಕ್ಕರೋ, ತೀರಿಕೊಂಡರೋ? ಈ ಕಡೆಯ ಕಡತ ಎಷ್ಟು ತಿರುವಿದರೂ ಸಿಗುತ್ತಿದ್ದುದು ‘ಕಾಣೆಯಾದವರು’ ಎಂಬ ಒಂದೇ ಮಾತು.

ಉತ್ತರ ಆ ಕಡೆ ಇತ್ತು. ಬ್ರಿಟಿಷ್ ಪತ್ರಕರ್ತ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಅಂದು ಒಂದು ಮಿಸ್ಟೇರ್ ತನಗಿಂತ ಎಷ್ಟೋ ವೇಗದ ಪಾಕಿಸ್ತಾನಿ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದ ವಿವರವಿತ್ತು. ಸ್ಟಾರ್‌ಫೈಟರಿನ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದ್ದ. ಆ ದಾಳಿಯಲ್ಲಿ ಹಿಂದಿರುಗದ ಮಿಸ್ಟೇರ್ ಒಂದೇ ಆದ್ದರಿಂದ ಅದು ದೇವಯ್ಯನವರದೇ. ಎರಡು ದೇಶದ ಕಾಗದ ಅಕ್ಕಪಕ್ಕ ಕೂತ ಮೇಲೆ, 1988ರಲ್ಲಿ, ಮರಣೋತ್ತರ ಮಹಾವೀರ ಚಕ್ರ ಬಂತು. ಒಂದು ಮೂಳೆಯನ್ನೂ ಯಾರೂ ಮುಟ್ಟಿರಲಿಲ್ಲ.

ಈಗ ಕಾಣೆಯಾದ ಸೈನಿಕ ಎಂದರೆ ಡಿಎನ್‌ಎ ಎನ್ನುತ್ತಾರೆ. ಆದರೆ ಹೋಲಿಸಲು ಸಂಬಂಧಿಕರ ಮಾದರಿ ಇಲ್ಲದ ಡಿಎನ್‌ಎ ಮೂಕ. ಹಳೆ ಮೂಳೆಯಲ್ಲಿ ಹೆಚ್ಚಾಗಿ ಉಳಿಯುವುದು ಮೈಟೋಕಾಂಡ್ರಿಯಾದ ಡಿಎನ್‌ಎ. ಜೀವಕೋಶದ ಕೇಂದ್ರದಲ್ಲಿರುವುದು ಎರಡೇ ಪ್ರತಿ; ಇದು ನೂರಾರು, ಸಾವಿರಾರು. ಆದರೆ ಇದು ಬರುವುದು ತಾಯಿಯಿಂದ ಮಾತ್ರ. ದೇವಯ್ಯನವರಂಥ ಕೊಡವರ ಒಕ್ಕ, ಅಂದರೆ ಮನೆತನ, ಸಾಗುವುದೋ ತಂದೆಯ ಕಡೆಯಿಂದ. ಒಂದೇ ಒಕ್ಕದ ಗಂಡಸರ ವೈ ಕ್ರೋಮೋಸೋಮ್ ಹೆಚ್ಚುಕಡಿಮೆ ಒಂದೇ, ಹಾಗಾಗಿ ಅದು ಒಕ್ಕವನ್ನು ಹೇಳೀತು, ಆಳನ್ನಲ್ಲ. ತಾಯಿಯ ಕಡೆಯ ಗುರುತಿಗೆ ಅಕ್ಕತಂಗಿಯರ ಮಕ್ಕಳನ್ನು ಹುಡುಕಬೇಕು. ಅವರಿರುವುದು ಬೇರೆ ಒಕ್ಕದ ಹೆಸರಲ್ಲಿ. ಪ್ರಯೋಗಾಲಯಕ್ಕಿಂತ ಮೊದಲು ಬೇಕಾದವರು ವಂಶಾವಳಿ ಬಲ್ಲ ಹಿರಿಯರು.

ಹೋಲಿಸಲು ಯಾರೂ ಇಲ್ಲದಿದ್ದರೆ? ಪಂಜಾಬಿನ ಅಜ್ನಾಲಾದ ಬಾವಿಯೊಂದರಿಂದ 2014ರಲ್ಲಿ ರಾಶಿ ಮೂಳೆ ಹೊರಬಂತು. 1857ರ ಸಿಪಾಯಿಗಳದೋ, ವಿಭಜನೆಯ ಗಲಭೆಯಲ್ಲಿ ಸತ್ತವರದೋ ಎಂಬ ವಾದವೆದ್ದಿತು. ವಿಜ್ಞಾನಿಗಳು 50 ಮಾದರಿಗಳ ಡಿಎನ್‌ಎ, 85 ಮಾದರಿಗಳ ಐಸೋಟೋಪ್ ನೋಡಿದರು. ಹಲ್ಲಿನ ಎನಾಮೆಲ್ ಬಾಲ್ಯದಲ್ಲಿ ಒಮ್ಮೆ ಕಟ್ಟಿಕೊಂಡರೆ ಮತ್ತೆ ಬದಲಾಗದು. ಆಗ ಕುಡಿದ ನೀರಿನ ಆಮ್ಲಜನಕದ ಗುರುತು ಅದರಲ್ಲೇ ಉಳಿಯುತ್ತದೆ. ಸತ್ತವರು ಪಂಜಾಬಿನವರಲ್ಲ, ಗಂಗಾ ಬಯಲಿನವರು ಎಂದು 2022ರಲ್ಲಿ ವರದಿ ಬಂತು. ಬಂಗಾಳದ 26ನೇ ಕಾಲಾಳು ಪಡೆಯ ಸಿಪಾಯಿಗಳೆಂಬ ಮಾತಿಗೆ ಅದು ಹೊಂದಿತು. ಯಾರು ಯಾರೆಂದು ಮಾತ್ರ ಗೊತ್ತಾಗಲಿಲ್ಲ.

ನಮ್ಮ ಹೊಸಕೋಟೆಯ ಮಣ್ಣೂ ರಣರಂಗವೇ. 1768ರ ಆಗಸ್ಟ್‌ನಲ್ಲಿ, ಇಂಗ್ಲಿಷರ ಪರವಾಗಿ ಇಲ್ಲಿ ಬಿಡಾರ ಹೂಡಿದ್ದ ಮರಾಠ ಸರದಾರ ಮುರಾರಿರಾಯನ ಮೇಲೆ ಹೈದರಾಲಿಯ ಪಡೆ ರಾತ್ರೋರಾತ್ರಿ ಬಿದ್ದು, ಗೆಲ್ಲಲಾಗದೆ ಹಿಂದೆ ಸರಿಯಿತು. ಲೇಔಟಿಗೆ ನೆಲ ಅಗೆಯುವಾಗ ಅಸ್ಥಿ ಸಿಕ್ಕೀತು, ಹೇಳಲಾಗದು. ಅಜ್ನಾಲಾದಲ್ಲಿ ತಜ್ಞರಿಲ್ಲದೆ ಊರವರೇ ಬಾವಿ ತೋಡಿದ್ದರಿಂದ ಎಷ್ಟೋ ಮೂಳೆ ಪುಡಿಯಾಗಿದ್ದವು. ಇಲ್ಲಿ ಜೆಸಿಬಿಯ ಮೊದಲ ಬಕೆಟ್ಟಿಗೇ ಯಾವ ಮೂಳೆ ಯಾವುದರ ಪಕ್ಕದಲ್ಲಿತ್ತು ಎಂಬ ಸುಳಿವು ಲಾರಿ ಏರಿಬಿಡುತ್ತದೆ. ಆದ್ದರಿಂದ ಯಂತ್ರ ನಿಲ್ಲಿಸಿ, ಮೊದಲು ಪೊಲೀಸರಿಗೂ ಪುರಾತತ್ವ ಇಲಾಖೆಗೂ ಫೋನ್ ಮಾಡಬೇಕು.