ಓಬವ್ವನ ನಾಡಿನಲ್ಲಿ ‘ಒಲ್ಲೆ’ ಎನ್ನುವ ಹಕ್ಕು

ಪ್ರತಿವರ್ಷ ನವೆಂಬರ್ 11ರಂದು ರಾಜ್ಯವು ಒನಕೆ ಓಬವ್ವನ ಜಯಂತಿಯನ್ನು ಆಚರಿಸುತ್ತದೆ. ಹೈದರಾಲಿಯ ಸೈನಿಕರನ್ನು ಕೋಟೆಯ ಕಿಂಡಿಯಲ್ಲಿ ಒಬ್ಬಳೇ ತಡೆದವಳೆಂದು ಚಿತ್ರದುರ್ಗ ಅವಳನ್ನು ಹೆಮ್ಮೆಯಿಂದ ನೆನೆಯುತ್ತದೆ. ಅದೇ ಜಿಲ್ಲೆಯ ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಮಗಳೊಬ್ಬಳು ‘ನನಗೆ ಮದುವೆ ಬೇಡ, ಗೆಳತಿಯೊಡನೆ ಬಾಳುತ್ತೇನೆ’ ಎಂದರೆ, ಆ ಧೈರ್ಯವನ್ನು ಮೆಚ್ಚುವವರು ಎಷ್ಟು ಮಂದಿ?

ಇದನ್ನು ಖಾಸಗಿ ಬಯಕೆಯೆಂದು ಬದಿಗೆ ಸರಿಸದೆ ರಾಜಕೀಯ ಪ್ರಶ್ನೆಯಾಗಿ ಎತ್ತಿದ್ದು ಸಲಿಂಗಿ ಸ್ತ್ರೀವಾದ. ತಮ್ಮನ್ನು ಚಳವಳಿಗೇ ಕಂಟಕವೆಂದು ಬಗೆದ ಸ್ತ್ರೀವಾದಿಗಳ ಎದುರಿಗೇ 1970ರಲ್ಲಿ ಸಲಿಂಗಿ ಮಹಿಳೆಯರು ನ್ಯೂಯಾರ್ಕಿನ ಸಮಾವೇಶದ ವೇದಿಕೆಯೇರಿದರು. ಹೆಣ್ಣು ಗಂಡಿನೊಡನೆಯೇ ಬಾಳಬೇಕೆಂಬುದು ನಿಸರ್ಗದ ನಿಯಮವಲ್ಲ, ಸಮಾಜದ ಕಡ್ಡಾಯ ಎಂದು ಅಮೆರಿಕದ ಕವಯಿತ್ರಿ ಏಡ್ರಿಯನ್ ರಿಚ್ 1980ರಲ್ಲಿ ವಾದಿಸಿದರು. ಗಂಡಸರಿಂದ ಪೂರ್ಣವಾಗಿ ಬೇರೆಯಾಗಬೇಕೆಂಬ ಇದೇ ಚಿಂತನೆಯ ಇನ್ನೊಂದು ಕವಲನ್ನು 1977ರಲ್ಲೇ ಬಾಸ್ಟನ್ನಿನ ಕಪ್ಪು ಸ್ತ್ರೀವಾದಿಗಳು ತಿರಸ್ಕರಿಸಿದ್ದರು. ವರ್ಣಭೇದದ ವಿರುದ್ಧ ಅವರು ತಮ್ಮ ಸಮುದಾಯದ ಗಂಡಸರೊಡನೆ ನಿಂತು ಹೋರಾಡಬೇಕಿತ್ತು. ಜಾತಿಯ ನಾಡಿನಲ್ಲಿರುವ ನಮಗೆ ಆ ವಿವೇಕ ಹೆಚ್ಚು ಹತ್ತಿರದ್ದು.

ನಮ್ಮಲ್ಲಿ 1998ರಲ್ಲಿ ದೀಪಾ ಮೆಹ್ತಾ ಅವರ ‘ಫೈರ್’ ಚಿತ್ರ ತೋರಿಸುತ್ತಿದ್ದ ಚಿತ್ರಮಂದಿರಗಳ ಮೇಲೆ ದಾಳಿ ನಡೆದಾಗ, ಸಲಿಂಗಿ ಮಹಿಳೆಯರು ಬಹಿರಂಗವಾಗಿ ಬೀದಿಗಿಳಿದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದಿತು. 2023ರಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ನಿರಾಕರಿಸಿತು. ಆದರೆ ಹೆಣ್ಣುಮಕ್ಕಳನ್ನು ಕಾಡುವುದು ಹೆಚ್ಚಾಗಿ ಮನೆಯವರು ಕೊಡುವ ‘ಕಾಣೆಯಾಗಿದ್ದಾಳೆ’ ಎಂಬ ದೂರು. ಇಂಥ ಪ್ರಕರಣಗಳಲ್ಲಿ ವಯಸ್ಕಳ ಇಚ್ಛೆಯೇ ಮುಖ್ಯ, ಆಪ್ತಸಲಹೆಯ ಹೆಸರಿನಲ್ಲಿ ಅವಳ ಮನಸ್ಸನ್ನು ತಿರುಗಿಸಬಾರದು ಎಂದು 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಲಯಗಳಿಗೆ ಸೂಚಿಸಿದೆ.

ತೀರ್ಪು ಬಂದ ಮಾತ್ರಕ್ಕೆ ಬಾಳು ಕಟ್ಟಿಕೊಳ್ಳಲಾಗದು. ‘ಒಲ್ಲೆ’ ಎನ್ನುವವಳಿಗೆ ಕಾಲೂರಲು ನೆಲ ಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹಿಂದೂ ಹೆಣ್ಣುಮಕ್ಕಳಿಗೆ 2005ರ ತಿದ್ದುಪಡಿ ಸಮಪಾಲು ಕೊಟ್ಟಿದೆ. ಹಾಗಿದ್ದೂ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದೇ ಮಗಳ ಧರ್ಮವೆಂದು ನಂಬಿದ ಮನೆಗಳು ಎಷ್ಟೋ. ಆಸ್ತಿ ಬಿಟ್ಟವಳಿಗೆ ಮದುವೆಯೊಂದೇ ಆಶ್ರಯವಾಗುತ್ತದೆ. ರಿಚ್ ಹೇಳಿದ ಕಡ್ಡಾಯ ಇದೇ. ಅದು ಸಲಿಂಗಿಯನ್ನಷ್ಟೇ ಅಲ್ಲ, ವಿಧವೆಯನ್ನೂ ಪರಿತ್ಯಕ್ತೆಯನ್ನೂ ಅವಿವಾಹಿತೆಯನ್ನೂ ಕಟ್ಟಿಹಾಕುತ್ತದೆ.

2023ರ ಶಕ್ತಿ ಯೋಜನೆಯಿಂದ ಹೊಸದುರ್ಗದ ಹೆಣ್ಣು ಟಿಕೆಟ್ಟಿಗೆ ಹಣ ತೆರದೆ ಬೆಂಗಳೂರು ತಲುಪಬಹುದು. ಊರಿನಲ್ಲಿ ಬಾಳಲಾಗದೆ ಹೊರಟವಳಿಗೆ ಆ ಪಯಣ ಗಡೀಪಾರೇ ಸರಿ. ಸಲಿಂಗಿ ಸಂಗಾತಿಗಳನ್ನು ಪಡಿತರ ಚೀಟಿಗೆ ಒಂದೇ ಮನೆಯವರೆಂದು ಪರಿಗಣಿಸುವಂತೆ ಕೇಂದ್ರವು 2024ರಲ್ಲಿ ರಾಜ್ಯಗಳಿಗೆ ತಿಳಿಸಿದೆ. ಜಂಟಿ ಬ್ಯಾಂಕ್ ಖಾತೆಗೂ ಅಡ್ಡಿಯಿಲ್ಲವೆಂದಿದೆ. ಈ ಸೂಚನೆಗಳು ತಾಲ್ಲೂಕು ಕಚೇರಿಯ ಕಿಟಕಿಯವರೆಗೆ ತಲುಪಬೇಕು. ಇಬ್ಬರು ಹೆಣ್ಣುಮಕ್ಕಳು ತಮ್ಮ ಊರಿನಲ್ಲೇ ಬಾಡಿಗೆ ಮನೆ ಹಿಡಿದು, ದುಡಿದು, ನಿರ್ಭಯವಾಗಿ ಬಾಳುವಂತಾದರೆ ಓಬವ್ವನ ಹೆಸರಿಗೆ ಅದಕ್ಕಿಂತ ದೊಡ್ಡ ಗೌರವ ಬೇರಿಲ್ಲ.